ಸೈಡ್ ಸ್ಕರ್ಟ್ ಬಿಚ್ಚುವುದು, ಸುತ್ತುವುದು: ಕಣ್ಣಿಗೆ ಬೀಳದ ಎರಡು ಸೆಂಟಿಮೀಟರಿನ ಲೆಕ್ಕ

ಸ್ಪೋರ್ಟ್ಸ್ ಕಾರಿನ ಬಾಗಿಲ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ಉದ್ದನೆಯ ಪಟ್ಟಿಯೇ ಸೈಡ್ ಸ್ಕರ್ಟ್. ಅದಕ್ಕೆ ಹೊಸ ಬಣ್ಣದ ವಿನೈಲ್ ಫಿಲ್ಮ್ (ಹಿಂದೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ) ಸುತ್ತಿಸಿದವರ ದೂರು ಸಾಮಾನ್ಯವಾಗಿ ಒಂದೇ: ಕೆಲವೇ ತಿಂಗಳಿಗೆ ಕೆಳಗಿನ ಅಂಚು ಎದ್ದಿದೆ, ಒಳಗೆ ಕೆಸರು ಸೇರಿದೆ. ಬಿಚ್ಚಿಸಿದವರ ದೂರೂ ಒಂದೇ: ತಿರುಗಿ ಕೂರಿಸಿದ ಮೇಲೆ ಗಡಗಡ ಸದ್ದು, ಬಾಗಿಲ ಕೆಳಗೆ ಒಂದು ಕಡೆ ಬೆರಳು ತೂರುವಷ್ಟು ಸಂದು. ಎರಡೂ ತಪ್ಪು ಹುಟ್ಟುವುದು ಹಿಂಬದಿಗೆ ಮಡಚಿಕೊಳ್ಳುವ ಎರಡು ಸೆಂಟಿಮೀಟರ್ ಅಂಚಿನಲ್ಲಿ ಮತ್ತು ಅದರ ಹಿಂದೆ ಅಡಗಿ ಕೂತ ಕ್ಲಿಪ್‌ಗಳಲ್ಲಿ. ಎದುರಿನ ಹೊಳೆಯುವ ಮೈ ಅಂಟಿಸುವುದು ಅಷ್ಟೇನೂ ಕಷ್ಟದ್ದಲ್ಲ.

ಇಷ್ಟಕ್ಕೂ ಈ ಪಟ್ಟಿ ಯಾಕೆ ಬೇಕು? ರೇಸಿನಲ್ಲಿ ಸ್ಕರ್ಟ್‌ಗೆ ನಿಜವಾದ ಕೆಲಸವಿತ್ತು. 1970ರ ಚಾಪರಲ್ 2ಜೆ ಕಾರು ಫ್ಯಾನ್ ಹಾಕಿ ತನ್ನ ಅಡಿಯ ಗಾಳಿಯನ್ನು ಹೀರಿ ಹೊರಗೆಸೆದು ರಸ್ತೆಗೆ ಒತ್ತಿಕೊಳ್ಳುತ್ತಿತ್ತು. ಪಕ್ಕದಿಂದ ಹೊಸ ಗಾಳಿ ನುಗ್ಗದಂತೆ ಲೆಕ್ಸಾನ್ ಪ್ಲಾಸ್ಟಿಕ್ಕಿನ ಸ್ಕರ್ಟ್ ತಡೆಯುತ್ತಿತ್ತು. 1977ರ ಲೋಟಸ್ 78 ಫ್ಯಾನಿನ ಹಂಗಿಲ್ಲದೆ, ಪಕ್ಕದ ಭಾಗಗಳ ತಳವನ್ನು ತಲೆಕೆಳಗಾದ ರೆಕ್ಕೆಯಂತೆ ತಿದ್ದಿ ಅದೇ ಹೀರಿಕೆಯನ್ನು ಪಡೆಯಿತು. ಅಲ್ಲೂ ಸ್ಕರ್ಟ್ ಇಲ್ಲದಿದ್ದರೆ ಆಟ ನಡೆಯುತ್ತಿರಲಿಲ್ಲ. ಫಾರ್ಮುಲಾ ಒನ್ ನಿಯಮ 1981ರಲ್ಲಿ ಮೇಲೆ ಕೆಳಗೆ ಜಾರುತ್ತಾ ನೆಲಕ್ಕೆ ತಾಗಿಕೊಂಡಿರುವ ಸ್ಕರ್ಟನ್ನು ನಿಷೇಧಿಸಿತು, 1983ರಲ್ಲಿ ಕಾರಿನ ತಳವನ್ನೇ ಚಪ್ಪಟೆ ಮಾಡಿಸಿತು. ರಸ್ತೆಯ ಕಾರಿನಲ್ಲಿ ಸ್ಕರ್ಟ್ ನೆಲದಿಂದ ಹತ್ತು ಸೆಂಟಿಮೀಟರಿಗೂ ಮೇಲಿರುತ್ತದೆ. ಹಾಗೆ ಗಾಳಿ ಕಟ್ಟಿಹಾಕುವ ಶಕ್ತಿ ಅದಕ್ಕಿಲ್ಲ. ಮುಂದಿನ ಸ್ಪ್ಲಿಟರ್ (ಬಂಪರಿನ ತಳದಿಂದ ಚಾಚಿದ ಹಲಗೆ), ಹಿಂದಿನ ಡಿಫ್ಯೂಸರ್ (ತಳದಲ್ಲಿ ಮೇಲಕ್ಕೆ ಬಾಗಿದ ಗಾಳಿಯ ದಾರಿ) ಜೊತೆ ಸೇರಿದಾಗ, ಅದೂ ವೇಗದಲ್ಲಿ, ತುಸು ನೆರವಾಗುತ್ತದೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 160 ಕಿಲೋಮೀಟರ್ ವೇಗದಲ್ಲಿ ಸಿಗುವ ಲಾಭದ ಕಾಲು ಭಾಗ ಮಾತ್ರ 80ರಲ್ಲಿ ಸಿಗುತ್ತದೆ. ಊರೊಳಗೆ ಅದರ ಕೆಲಸ ಎರಡೇ: ಮುಂದಿನ ಟೈರ್ ಚಿಮ್ಮಿಸುವ ಕಲ್ಲು ಕೆಸರಿಗೆ ಎದೆಯೊಡ್ಡುವುದು, ಹಿಂದಿರುವ ಒರಟು ಸಿಲ್, ಅಂದರೆ ಬಾಗಿಲ ಕೆಳಗಿನ ಪೊಳ್ಳು ತಗಡಿನ ತೊಲೆ, ಕಾಣದಂತೆ ಮರೆ ಮಾಡುವುದು.

ಮೊದಲು ಬಗ್ಗಿ ನೋಡಿ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ಕಾರಿನದ್ದು ಯಾವ ಜಾತಿಯ ಸ್ಕರ್ಟ್ ಎಂದು ತಿಳಿಯಬೇಕು. ಕೆಲವು ಕಾರುಗಳಲ್ಲಿ ಸ್ಕರ್ಟ್ ಅಂತ ಬೇರೆ ಭಾಗವೇ ಇರುವುದಿಲ್ಲ; ಬಣ್ಣ ಬಳಿದ ತಗಡಿನ ಸಿಲ್ಲೇ ಹಾಗೆ ಕಾಣುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದೇ ಹೇಳುತ್ತದೆ. ಹೆಚ್ಚಿನವುಗಳಲ್ಲಿ ಇಡೀ ಸಿಲ್ಲನ್ನು ಮುಚ್ಚುವ ಪ್ಲಾಸ್ಟಿಕ್ ಕವಚವನ್ನು ಕ್ಲಿಪ್, ಸ್ಕ್ರೂ, ಪುಶ್ ಪಿನ್‌ಗಳಿಂದ ಕೂರಿಸಿರುತ್ತಾರೆ. ಮೂರನೆಯದು ಆಮೇಲೆ ಅಂಗಡಿಯಲ್ಲಿ ಸೇರಿಸಿದ ತುಟಿಯಂಥ ಪಟ್ಟಿ. ಇದನ್ನು ಡಬಲ್ ಸೈಡ್ ಟೇಪಿನಲ್ಲೋ, ಗಾಜು ಕೂರಿಸುವ ಕಪ್ಪು ಯುರಿಥೇನ್ ಅಂಟಿನಲ್ಲೋ ಅಂಟಿಸಿ, ಧೈರ್ಯಕ್ಕೆ ನಾಲ್ಕು ಸ್ಕ್ರೂ ಹೊಡೆದಿರುತ್ತಾರೆ. ಯುರಿಥೇನ್ ಹಾಕಿದ್ದರೆ ಬಿಚ್ಚುವ ಆಸೆ ಬಿಡುವುದೇ ಒಳ್ಳೆಯದು. ಪ್ಲಾಸ್ಟಿಕ್ ಸೀಳುತ್ತದೆ, ಇಲ್ಲವೇ ಬಣ್ಣ ಕಿತ್ತು ಬರುತ್ತದೆ.

ಈ ಮೂರನೆಯ ಜಾತಿಯ ಬಗ್ಗೆ ಒಂದು ಲೆಕ್ಕ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಸುಮಾರು 17 ಮೀಟರ್ ತ್ರಿಜ್ಯದ ಬಾಗು. ಭಾರತದಲ್ಲಿ 2016ರಿಂದ ಮಾರಾಟವಾದ ಫೋರ್ಡ್ ಮಸ್ಟಾಂಗ್‌ನ ಎರಡು ಆಕ್ಸಲ್‌ಗಳ ನಡುವಿನ ಅಂತರ 2.72 ಮೀಟರ್. ಆ ಹಂಪಿನ ನಡುವೆ ಕಾರು ನಿಂತರೆ ನಾಲ್ಕೂ ಚಕ್ರ ಬಾಗಿನ ಮೇಲೇ ಇರುತ್ತವೆ. ಹೊಟ್ಟೆಯ ಕೆಳಗೆ ಹಂಪ್ ಕಬಳಿಸುವುದು ಬರೀ 54 ಮಿಲಿಮೀಟರ್. ಆದರೆ ನಮ್ಮ ಓಣಿಗಳಲ್ಲಿ ಜನ ತಾವೇ ಕಟ್ಟಿಕೊಂಡ, ಒಂದಡಿ ಅಗಲದ, ಅರ್ಧ ಗೇಣು ಎತ್ತರದ ದಿಬ್ಬ ಎರಡು ಚಕ್ರಗಳ ನಡುವೆ ಪೂರ್ತಿ ಎದ್ದು ನಿಲ್ಲುತ್ತದೆ. ಅದು 12 ಸೆಂಟಿಮೀಟರ್ ಇದ್ದರೆ ನೆಲದಿಂದ ಕಾರಿನ ತಳಕ್ಕಿರುವ ಅಂತರದಲ್ಲಿ ಅಷ್ಟೂ ಕಳೆಯಿರಿ, ಸ್ಪ್ರಿಂಗ್ ಕುಗ್ಗಿದ್ದನ್ನು ಕಳೆಯಿರಿ, ತುಟಿ ಪಟ್ಟಿಯ 25 ಮಿಲಿಮೀಟರ್ ಕಳೆಯಿರಿ. ಉಳಿಯುವುದು ಏನೂ ಇಲ್ಲ. ಓರೆಯಾಗಿ ದಾಟಿದರೆ ಒಂದೊಂದೇ ಚಕ್ರ ಏರಿ ಮೈ ಸ್ವಲ್ಪ ಎತ್ತಿಕೊಳ್ಳುತ್ತದೆ, ಅಷ್ಟೇ. ಅಂಥ ರಸ್ತೆಯಲ್ಲಿ ದಿನಾ ಓಡಾಡುವವರು ತುಟಿ ಪಟ್ಟಿಗೆ ರ‍್ಯಾಪ್ ಸುತ್ತಿಸುವುದು ಹಣ ನೆಲಕ್ಕೆ ತಿಕ್ಕಿದ ಹಾಗೆ.

ಬಿಚ್ಚುವ ಕ್ರಮ

ಬೇಕಾದ್ದು ಹೆಚ್ಚೇನಿಲ್ಲ: ಟಿ20, ಟಿ25, ಟಿ30 ಅಳತೆಯ ಟಾರ್ಕ್ಸ್ (ಆರು ಮೂಲೆಯ ನಕ್ಷತ್ರದಾಕಾರದ) ಬಿಟ್‌ಗಳು, 8 ಮತ್ತು 10 ಮಿಲಿಮೀಟರ್ ಸಾಕೆಟ್, ಪ್ಲಾಸ್ಟಿಕ್ಕಿನ ಟ್ರಿಮ್ ಮೀಟುಗೋಲು, ಮಾಸ್ಕಿಂಗ್ ಟೇಪ್, ಜಾಕ್, ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡು, ಇನ್ನೊಬ್ಬರ ಎರಡು ಕೈ. ಜೊತೆಗೆ ಹೊಸ ಕ್ಲಿಪ್‌ಗಳು. ಒಂದು ಬದಿಗೆ ಹತ್ತು ಕ್ಲಿಪ್ ಇದ್ದರೆ ಕನಿಷ್ಠ ಐದು ಹೆಚ್ಚುವರಿ ತಂದಿಟ್ಟುಕೊಳ್ಳಿ. ನೈಲಾನ್ ಕ್ಲಿಪ್ ವರ್ಷಗಟ್ಟಲೆ ಬಿಸಿಗೆ ಒಣಗಿ ಪೆಡಸಾಗಿರುತ್ತದೆ. ಎಷ್ಟು ನಾಜೂಕಾಗಿ ಎಳೆದರೂ ಕೆಲವು ಮುರಿದೇ ಮುರಿಯುತ್ತವೆ.

ಕೆಲಸಕ್ಕೆ ಮುನ್ನ ಕಾರಿನ ಕೆಳಭಾಗ ತೊಳೆದು ಒಣಗಿಸಿ, ಸ್ಕ್ರೂ ತಲೆಯೊಳಗಿನ ಮಣ್ಣನ್ನು ಚೂಪು ಕಡ್ಡಿಯಿಂದ ಕೆರೆದು ತೆಗೆಯಿರಿ. ಮಣ್ಣು ತುಂಬಿದ ತಲೆಗೆ ಟಾರ್ಕ್ಸ್ ಬಿಟ್ ಅರ್ಧ ಮಾತ್ರ ಇಳಿಯುತ್ತದೆ, ತಿರುಗಿಸಿದ ಕೂಡಲೇ ಮೂಲೆ ಸವೆದು ದುಂಡಗಾಗುತ್ತದೆ. ಆಮೇಲೆ ಡ್ರಿಲ್ ಮಾಡದೆ ದಾರಿಯಿಲ್ಲ.

ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಎದುರು ಬದಿಯ ಚಕ್ರಕ್ಕೆ ಮರ. ಜಾಕ್ ಕೊಡುವುದು ಕಂಪನಿ ಗುರುತಿಸಿದ ಜಾಗಕ್ಕೆ ಮಾತ್ರ. ಸ್ಕರ್ಟ್‌ನ ಕೆಳಗೆ ಕೊಟ್ಟರೆ ಕಾರಿನ ಭಾರವೆಲ್ಲ ಎರಡೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ಮೇಲೆ ಬೀಳುತ್ತದೆ. ಸ್ಕರ್ಟ್ ಒಡೆಯುವ ಮುಖ್ಯ ಕಾರಣಗಳಲ್ಲಿ ಇದೊಂದು, ಅದೂ ಪಂಕ್ಚರ್ ಅಂಗಡಿಯ ಅವಸರದಲ್ಲಿ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡದೆ ಕೆಳಗೆ ಕೈ ಹಾಕಬೇಡಿ.

ಬಿಚ್ಚುವುದನ್ನು ಮುಂದಿನ ಚಕ್ರದ ಗೂಡಿನಿಂದ ಶುರು ಮಾಡಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ, ಅಥವಾ ಚಕ್ರವನ್ನೇ ತೆಗೆದರೆ, ಗೂಡಿನ ಒಳಮೈಗೆ ಹೊದಿಸಿದ ಮಡ್‌ಗಾರ್ಡ್ ಲೈನರ್‌ನ ಹಿಂದಂಚು ಕೈಗೆ ಸಿಗುತ್ತದೆ. ಅದರ ಎರಡು ಮೂರು ಸ್ಕ್ರೂ ತೆಗೆದು ಲೈನರ್ ಸರಿಸಿದರೆ ಸ್ಕರ್ಟ್‌ನ ಮೂತಿಯನ್ನು ಹಿಡಿದ ಸ್ಕ್ರೂ ಕಾಣುತ್ತದೆ. ಈ ಒಂದನ್ನು ಮರೆತು ಎಳೆದು ಮೂಲೆ ಸೀಳಿಸಿಕೊಂಡವರು ಬಹಳ. ಹಿಂದಿನ ಚಕ್ರದ ಬದಿಯಲ್ಲೂ ಹಾಗೆಯೇ ಒಂದೆರಡಿರುತ್ತವೆ. ನಂತರ ತಳದ ಸಾಲು. ಒಂದು ರಟ್ಟಿನ ಮೇಲೆ ಸ್ಕರ್ಟ್‌ನ ಆಕಾರ ಗೀಚಿ, ಬಿಚ್ಚಿದ ಸ್ಕ್ರೂವನ್ನು ಅದೇ ಜಾಗಕ್ಕೆ ಚುಚ್ಚಿಡಿ. ಉದ್ದ ಒಂದೇ ಥರ ಕಂಡರೂ ಇರುವುದಿಲ್ಲ. ಉದ್ದನೆಯದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಅದು ಪ್ಲಾಸ್ಟಿಕ್ಕನ್ನು ಹೊರಗಿನಿಂದ ಮೊಡವೆಯಂತೆ ಉಬ್ಬಿಸುತ್ತದೆ. ಪುಶ್ ಪಿನ್‌ನಲ್ಲಿ ಮೊದಲು ನಡುವಿನ ಕಡ್ಡಿಯನ್ನು ಮೇಲಕ್ಕೆತ್ತಬೇಕು, ಆಮೇಲೆ ಇಡೀ ಪಿನ್. ನಡುಕಡ್ಡಿ ಎತ್ತದೆ ಮೀಟಿದರೆ ತಲೆ ಮಾತ್ರ ಕೈಗೆ ಬರುತ್ತದೆ.

ಕೆಳಗಿನದೆಲ್ಲ ಮುಗಿದ ಮೇಲೆ ಬಾಗಿಲು ತೆಗೆದು, ಪಕ್ಕದ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಅಂಟಿಸಿ. ಈಗ ಉಳಿದಿರುವುದು ಮೇಲಂಚಿನ ಕ್ಲಿಪ್‌ಗಳು. ಹಿಂದಿನ ತುದಿಯಿಂದ ಹಿಡಿದು, ಪ್ರತಿ ಕ್ಲಿಪ್‌ನ ಪಕ್ಕದಲ್ಲೇ ಕೈಯಿಟ್ಟು, ಮೈಗೆ ನೇರವಾಗಿ ಹೊರಕ್ಕೆ ಎಳೆಯಿರಿ. ಟಪ್ ಎಂಬ ಸದ್ದಾದರೆ ಬಿಟ್ಟಿತು. ಕೆಲವು ಕಾರುಗಳಲ್ಲಿ ಹೊರಕ್ಕಲ್ಲ, ಮೇಲಕ್ಕೋ ಮುಂದಕ್ಕೋ ಸರಿಸಿ ಕೊಂಡಿ ತಪ್ಪಿಸಬೇಕಾಗುತ್ತದೆ. ಎರಡು ಕ್ಲಿಪ್ ಬಿಟ್ಟಮೇಲೂ ಮೂರನೆಯದು ಮೊಂಡು ಹಿಡಿದರೆ ಬಲ ಹಾಕದೆ ಟಾರ್ಚ್ ಹಾಕಿ ನೋಡಿ. ಒಂದು ತುದಿ ಬಿಟ್ಟು ಇನ್ನೊಂದು ತುದಿ ಜೋತಾಡಿದರೆ ಪಟ್ಟಿ ನಡುವೆ ಮಡಚಿ, ಮಡಿಕೆಯಲ್ಲಿ ಬಿಳಿ ಗೆರೆ ಬೀಳುತ್ತದೆ. ಅದು ಪ್ಲಾಸ್ಟಿಕ್ ಒಳಗೇ ಹರಿದ ಗುರುತು, ಪಾಲಿಶ್‌ಗೆ ಹೋಗುವಂಥದ್ದಲ್ಲ. ಎರಡನೆಯ ವ್ಯಕ್ತಿ ಬೇಕಾದ್ದು ಇದಕ್ಕೇ.

ಟೇಪಿನಿಂದ ಅಂಟಿಸಿದ್ದಾದರೆ ಹೀಟ್ ಗನ್ ಅಥವಾ ಹೇರ್ ಡ್ರೈಯರ್‌ನಿಂದ ಕೈ ತಡೆಯದಷ್ಟು, ಅಂದರೆ 60 ಡಿಗ್ರಿ ಆಸುಪಾಸು ಬಿಸಿ ಮಾಡಿ, ಮೀನುಗಾಳದ ನೈಲಾನ್ ದಾರವನ್ನು ಟೇಪಿನ ಹಿಂದೆ ತೂರಿಸಿ ಗರಗಸದಂತೆ ಎಳೆದಾಡಿ. ಉಳಿದ ಫೋಮ್ ಅನ್ನು ಹೆಬ್ಬೆರಳಿನಿಂದ ಉಜ್ಜಿದರೆ ಉಂಡೆಗಟ್ಟಿ ಬರುತ್ತದೆ. ಬ್ಲೇಡ್ ಹಾಕಬೇಡಿ.

ಮರೆಯಲ್ಲಿ ಏನಿದೆ

ಸ್ಕರ್ಟ್ ಕೆಳಗಿಳಿಸಿದ ಕೂಡಲೇ ಒಂದೆರಡು ಹಿಡಿ ಮಣ್ಣು, ಒಣಎಲೆ ಉದುರುವುದು ಮಾಮೂಲು. ಅದರ ಹಿಂದೆ ಸಿಲ್‌ನ ತಳದಲ್ಲಿ ನೀರು ಇಳಿಯುವ ತೂತುಗಳಿವೆ. ಬಾಗಿಲು, ಸನ್‌ರೂಫ್, ಮಡಚುವ ಚಾವಣಿ ಇವುಗಳಿಂದ ಇಳಿದ ನೀರು ಹಲವು ಕಾರುಗಳಲ್ಲಿ ಇಲ್ಲಿಂದಲೇ ಹೊರಬೀಳಬೇಕು. ಮಣ್ಣು ಕಟ್ಟಿದರೆ ಸಿಲ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಪ್ಲಾಸ್ಟಿಕ್ ಮುಚ್ಚಿರುವುದರಿಂದ ಗೊತ್ತೇ ಆಗುವುದಿಲ್ಲ. ಮಜ್ದಾ ಎಂಎಕ್ಸ್-5ರ ಹಳೆಯ ಮಾದರಿಗಳು ಸಿಲ್ ಕೊಳೆಯುವುದಕ್ಕೆ ಹೆಸರಾದದ್ದು ಹೀಗೇ: ಚಾವಣಿಯ ನೀರಿನ ದಾರಿ ಕಟ್ಟಿಕೊಂಡು. ಮಂಗಳೂರು, ಉಡುಪಿ, ಕಾರವಾರದಂಥ ಉಪ್ಪುಗಾಳಿಯ ಊರಿನ ಕಾರಾಗಿದ್ದರೆ ಬರೀ ಈ ಪರೀಕ್ಷೆಗಾಗಿಯೇ ಎರಡು ವರ್ಷಕ್ಕೊಮ್ಮೆ ಸ್ಕರ್ಟ್ ಇಳಿಸುವುದು ಲಾಭ. ಮಣ್ಣು ತೊಳೆದು, ಒಣಗಿಸಿ, ತಗಡಿನ ಮಡಿಕೆಗೆ ಮೇಣದ ಸ್ಪ್ರೇ ಹೊಡೆಯಿರಿ. ತೂತು ಮುಚ್ಚಬೇಡಿ.

ಸ್ಕರ್ಟ್ ಶಾಶ್ವತವಾಗಿ ತೆಗೆದೇಬಿಡಬಹುದೇ ಎಂದರೆ, ಬೇಡ ಎಂಬುದೇ ನಮ್ಮ ಅಭಿಪ್ರಾಯ. ಹಿಂದಿನ ತಗಡನ್ನು ತೋರಿಸಲು ಮಾಡಿರುವುದಿಲ್ಲ: ಕ್ಲಿಪ್ ತೂತುಗಳು, ಸೀಲರ್ ಬಳಿದ ಜೋಡಣೆಗಳು, ಒರಟು ಲೇಪ. ಆ ತೂತುಗಳಲ್ಲಿ ಕೆಲವು ನೇರ ಸಿಲ್‌ನ ಪೊಳ್ಳಿಗೆ ತೆರೆಯುತ್ತವೆ; ರಬ್ಬರ್ ಬಿರಡೆ ಹಾಕದಿದ್ದರೆ ಪ್ರತಿ ಮಳೆಗೂ ಒಳಗೆ ನೀರು. ರೇಸ್ ಟ್ರ್ಯಾಕಿಗೆ ತೂಕ ಇಳಿಸುವ ವಾದವೂ ನಿಲ್ಲುವುದಿಲ್ಲ, ಏಕೆಂದರೆ ಎರಡೂ ಬದಿ ಸೇರಿ ಉಳಿಯುವುದು ಕೆಲವೇ ಕಿಲೋ.

ಪ್ಲಾಸ್ಟಿಕ್ಕಿನ ಜಾತಕ

ಬಿಚ್ಚಿದ ಸ್ಕರ್ಟನ್ನು ಮಗುಚಿ ಹಾಕಿದರೆ ಒಳಮೈಯಲ್ಲಿ ಎರಕದಲ್ಲೇ ಮೂಡಿದ ಸಣ್ಣಕ್ಷರ ಸಿಗುತ್ತದೆ. ‘ಎಬಿಎಸ್’ ಎಂದಿದ್ದರೆ ಬಣ್ಣವೂ ಫಿಲ್ಮೂ ಚೆನ್ನಾಗಿ ಹಿಡಿಯುತ್ತವೆ. ‘ಪಿಪಿ+ಇಪಿಡಿಎಂ-ಟಿಡಿ20’ ಎಂದಿದ್ದರೆ ಅದು ರಬ್ಬರ್ ಬೆರೆಸಿದ ಪಾಲಿಪ್ರೊಪಿಲೀನ್, ನೂರಕ್ಕೆ 20 ಭಾಗ ಟಾಲ್ಕ್ ಪುಡಿ. ಪಾಲಿಪ್ರೊಪಿಲೀನಿಗೆ ಯಾವ ಅಂಟೂ ಸುಲಭಕ್ಕೆ ಹಿಡಿಯುವುದಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ: ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಂತರೆ ಅಂಟೂ ಹಾಗೇ ದೂರ ನಿಲ್ಲುತ್ತದೆ. ಕಾರ್ಖಾನೆಯಲ್ಲೇ ಬಣ್ಣ ಬಳಿದ ಸ್ಕರ್ಟ್‌ಗೆ ಈ ಚಿಂತೆಯಿಲ್ಲ, ಫಿಲ್ಮ್ ಕೂರುವುದು ಬಣ್ಣದ ಮೇಲೆ. ಬಣ್ಣವಿಲ್ಲದ, ಕಿತ್ತಳೆ ಸಿಪ್ಪೆಯಂತೆ ಒರಟಾದ ಕಪ್ಪು ಸ್ಕರ್ಟ್‌ನ ಮೇಲೆ ವಿನೈಲ್ ಸುತ್ತಿಸಬೇಡಿ. ಉಬ್ಬುಗಳ ತುದಿಗೆ ಮಾತ್ರ ಅಂಟಿ, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಅದಕ್ಕೆ ಸರಿಯಾದ ದಾರಿ ಪ್ಲಾಸ್ಟಿಕ್ ಪ್ರೈಮರ್ ಹಚ್ಚಿ ಪೇಂಟ್ ಮಾಡಿಸುವುದು.

ಅಪಘಾತದ ನಂತರ ಪುಟ್ಟಿ ಹಾಕಿ ಹೊಸದಾಗಿ ಬಣ್ಣ ಹೊಡೆಸಿದ ಸ್ಕರ್ಟ್ ಆದರೆ ಎಚ್ಚರ. ಪೇಂಟ್ ಬೂತಿನ ಬಿಸಿಯಲ್ಲಿ ಬೇಯಿಸದ ಬಣ್ಣ ಪೂರ್ತಿ ಗಟ್ಟಿಯಾಗಲು ಒಂದು ತಿಂಗಳಾದರೂ ಬಿಡಬೇಕು. ಮುಂದೊಂದು ದಿನ ಫಿಲ್ಮ್ ಕೀಳುವಾಗ ಬಣ್ಣವೂ ಜೊತೆಗೆ ಬಂದರೆ ತಪ್ಪು ಫಿಲ್ಮ್‌ನದ್ದಲ್ಲ.

ಸುತ್ತುವುದು

ಕಾಸ್ಟ್ ವಿನೈಲ್, ಅಂದರೆ ದ್ರವವನ್ನು ತೆಳ್ಳಗೆ ಹರಡಿ ಒಣಗಿಸಿ ಮಾಡಿದ ಫಿಲ್ಮ್, ಮಾತ್ರ ತನ್ನಿ. ಕ್ಯಾಲೆಂಡರ್ಡ್ ಫಿಲ್ಮ್ ರೋಲರ್‌ಗಳ ನಡುವೆ ಎಳೆದು ತಯಾರಾದದ್ದು. ಆ ಎಳೆತವನ್ನು ಅದು ಮರೆಯುವುದಿಲ್ಲ, ಬಿಸಿಲು ಕಂಡಾಗಲೆಲ್ಲ ಕುಗ್ಗಿ ಅಂಚಿನಿಂದ ಹಿಂದೆ ಸರಿಯುತ್ತದೆ. ರೋಲ್ ಅಗಲ ಸಾಮಾನ್ಯವಾಗಿ 152 ಸೆಂಟಿಮೀಟರ್. 1.7 ಮೀಟರ್ ಉದ್ದ, 25 ಸೆಂಟಿಮೀಟರ್ ಎತ್ತರದ ಸ್ಕರ್ಟ್‌ಗೆ ಹಿಂಬದಿಯ ಮಡಿಕೆ, ಹಿಡಿತದ ಜಾಗ ಸೇರಿಸಿ 2 ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತುಂಡು ಬೇಕು. ಎರಡು ಮೀಟರ್ ಫಿಲ್ಮ್ ತಂದರೆ ಎರಡೂ ಬದಿಗೆ ಆಗಿ, ಒಂದು ಹಾಳಾದರೆ ಇನ್ನೊಂದು ತುಂಡು ಕೈಯಲ್ಲಿರುತ್ತದೆ. ಮೆಟಾಲಿಕ್, ಬ್ರಷ್ ಅಥವಾ ಕಾರ್ಬನ್ ನೇಯ್ಗೆಯ ಫಿಲ್ಮ್ ಆದರೆ ರೋಲ್ ಬಿಚ್ಚುವ ದಿಕ್ಕನ್ನು ಪ್ರತಿ ತುಂಡಿನ ಹಿಂದೆ ಬಾಣ ಹಾಕಿ ಗುರುತು ಮಾಡಿ, ಎರಡೂ ಬದಿಯಲ್ಲೂ ಬಾಣ ಕಾರಿನ ಮೂತಿಯ ಕಡೆಗೇ ಇರಲಿ. ಇಲ್ಲದಿದ್ದರೆ ಸಂಜೆ ಬಿಸಿಲಿನಲ್ಲಿ ಎಡ ಬಲ ಬೇರೆ ಬೇರೆ ಬಣ್ಣ ಕಾಣುತ್ತವೆ.

ಸ್ಕರ್ಟನ್ನು ಸೊಂಟದೆತ್ತರದ ಎರಡು ಆಸರೆಗಳ ಮೇಲೆ ಫೋಮ್ ಹಾಸಿ ಮಲಗಿಸಿ. ಶಾಂಪೂ, ಡಾಂಬರು ತೆಗೆಯುವ ದ್ರಾವಣ, ಬಣ್ಣಕ್ಕಂಟಿದ ಕೊಳೆ ಎತ್ತುವ ಕ್ಲೇ ಉಂಡೆ, ಕೊನೆಗೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್. ಎಲ್ಲರೂ ಎದುರು ಒರೆಸುತ್ತಾರೆ. ಹಿಂಬದಿಯ ಅಂಚನ್ನು ಅಷ್ಟೇ ಶ್ರದ್ಧೆಯಿಂದ ಒರೆಸುವವರು ಕಡಿಮೆ. ಬಿಳಿ ಬಟ್ಟೆ ಬಿಳಿಯಾಗೇ ಬರುವ ತನಕ ಒರೆಸಿ. ಟೈರ್ ಪಾಲಿಶ್‌ನ ಸಿಲಿಕೋನ್ ಚಿಮ್ಮಿ ಕೂತಿರುವುದು ಅಲ್ಲೇ.

ಫಿಲ್ಮನ್ನು ನಡುವೆ ಊರಿ, ಫೆಲ್ಟ್ ಅಂಚಿನ ಸ್ಕ್ವೀಜಿಯನ್ನು (ಒತ್ತುಪಟ್ಟಿ) ಓರೆ ಹಿಡಿದು ತುದಿಗಳ ಕಡೆಗೆ ಒತ್ತುತ್ತಾ ಹೋಗಿ. ಸ್ಕರ್ಟ್‌ನಲ್ಲಿ ಉದ್ದಕ್ಕೂ ಕಾಲುವೆಯಂಥ ತಗ್ಗಿದ್ದರೆ ಮೊದಲು ತಗ್ಗು, ಆಮೇಲೆ ಅದರ ಎರಡೂ ದಡ. ದಡಗಳನ್ನು ಮೊದಲು ಅಂಟಿಸಿ ನಡುವೆ ಟೆಂಟಿನಂತೆ ನಿಂತ ಫಿಲ್ಮನ್ನು ಬಿಸಿ ಮಾಡಿ ಒಳಕ್ಕೆ ಒತ್ತಿದರೆ ಆ ದಿನ ಸುಂದರವಾಗಿರುತ್ತದೆ, ಮೊದಲ ಬೇಸಿಗೆಗೆ ಮತ್ತೆ ಟೆಂಟ್ ಏಳುತ್ತದೆ. ಹತ್ತಕ್ಕೆ ಒಂದು ಪಾಲಿಗಿಂತ ಹೆಚ್ಚು ಹಿಗ್ಗಿಸದೆ ಮುಗಿಸುವುದು ಜಾಣತನ. ಹೆಚ್ಚು ಹಿಗ್ಗಿದ ಕಡೆ ಬಣ್ಣ ತೆಳುವಾಗಿ ಪ್ಲಾಸ್ಟಿಕ್ ಮಂಕಾಗಿ ಇಣುಕುತ್ತದೆ.

ಅಂಚು ಹಿಂಬದಿಗೆ 15ರಿಂದ 20 ಮಿಲಿಮೀಟರ್ ಮಡಚಿಕೊಳ್ಳಲಿ. ಮೂಲೆಯಲ್ಲಿ ಹೆಚ್ಚಾದ ಫಿಲ್ಮ್ ಸುಕ್ಕುಗಟ್ಟಿದರೆ ಸುಕ್ಕನ್ನು ಒತ್ತಿ ಹಾಕದೆ ಕತ್ತರಿ ಗೆರೆ ಕೊಟ್ಟು ಒಂದರ ಮೇಲೊಂದು ಕೂರಿಸಿ. ಕ್ಲಿಪ್ ಕೂರುವ ಗೂಡು, ಸ್ಕ್ರೂ ತೂತು, ನೀರಿನ ಸೀಳುಗಳ ಮೇಲೆ ಬಂದ ಫಿಲ್ಮನ್ನು ಕತ್ತರಿಸಿ ತೆಗೆಯಿರಿ. ಅಂಚಿಗೆ ಪ್ರೈಮರ್ (ಅಂಟಿನ ಹಿಡಿತ ಹೆಚ್ಚಿಸುವ ದ್ರವ) ಬೇಕೆನಿಸಿದರೆ ಹಿಂಬದಿಯ ಮಡಿಕೆಗೆ ಮಾತ್ರ ತೆಳ್ಳಗೆ. ಎದುರಿಗೆ ಹಚ್ಚಿದರೆ ಮುಂದೆ ಕೀಳುವಾಗ ಅಂಟು ಅಲ್ಲೇ ಉಳಿಯುತ್ತದೆ.

ಇನ್ನು ಬಿಸಿ. ಕಾಸ್ಟ್ ವಿನೈಲ್ ಹೊಸ ಆಕಾರವನ್ನೇ ತನ್ನದು ಎಂದುಕೊಳ್ಳಬೇಕಾದರೆ ಅಂಚು ಮತ್ತು ತಗ್ಗುಗಳನ್ನು ಸುಮಾರು 95 ಡಿಗ್ರಿಗೆ ಕಾಯಿಸಬೇಕು. ನಿಖರ ಅಂಕಿ ಫಿಲ್ಮ್ ಕಂಪನಿಯ ಹಾಳೆಯಲ್ಲಿರುತ್ತದೆ. ಪೇಚು ಏನೆಂದರೆ ಎಬಿಎಸ್ ಮೆತ್ತಗಾಗುವುದೂ 100 ಡಿಗ್ರಿಯ ಆಜುಬಾಜಿನಲ್ಲೇ. ಆದ್ದರಿಂದ ಹೀಟ್ ಗನ್ ಒಂದು ಕಡೆ ನಿಲ್ಲಬಾರದು. ಇನ್ಫ್ರಾರೆಡ್ ಥರ್ಮಾಮೀಟರ್ ಒಂದು ಕೈಯಲ್ಲಿ, ಗನ್ ಇನ್ನೊಂದರಲ್ಲಿ. ಅಂಗೈಯಗಲದ ಜಾಗ ಅಂಕಿ ಮುಟ್ಟಿದ ತಕ್ಷಣ ಮುಂದಕ್ಕೆ. ಕೆಳಗೆ ಆಸರೆ ಸಾಲದಿದ್ದರೆ ಪಟ್ಟಿ ಬಿಸಿಗೆ ಜಗ್ಗಿ, ಆರಿದ ಮೇಲೆ ಜಗ್ಗಿದ ಹಾಗೇ ಉಳಿಯುತ್ತದೆ. ಕ್ರೋಮ್‌ನಂತೆ ಹೊಳೆಯುವ ಫಿಲ್ಮ್‌ನ ಮೇಲೆ ಈ ಥರ್ಮಾಮೀಟರ್ ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ನಂಬಬೇಡಿ.

ಕಾರಿನ ಮೇಲೇ ಸುತ್ತುವುದಾದರೆ ಹಿಂಬದಿಯ ಮಡಿಕೆ ಸಿಗುವುದಿಲ್ಲ, ಫಿಲ್ಮ್ ತಳದಂಚಿಗೇ ಮುಗಿಯುತ್ತದೆ. ಯುರಿಥೇನ್ ಅಂಟಿನ ಸ್ಕರ್ಟ್‌ಗೆ ಬೇರೆ ಗತಿಯಿಲ್ಲ. ಆಗ ಬ್ಲೇಡ್‌ಗೆ ಬದಲು, ಮೊದಲೇ ಅಂಟಿಸಿ ಆಮೇಲೆ ಎಳೆದಾಗ ದಾರವೇ ಫಿಲ್ಮ್ ಕತ್ತರಿಸುವ ನೈಫ್‌ಲೆಸ್ ಟೇಪ್ ಬಳಸಿ. ಪಕ್ಕದ ತಗಡಿನ ಬಣ್ಣ ಸೀಳಿದ ಬ್ಲೇಡ್ ಗೆರೆ ಮಳೆಗಾಲದಲ್ಲಿ ತುಕ್ಕಿನ ಗೆರೆಯಾಗುತ್ತದೆ.

ವಿನೈಲ್ ಬಣ್ಣಕ್ಕೆ, ಕಲ್ಲೇಟಿಗಲ್ಲ. ಅದರ ದಪ್ಪ ಸುಮಾರು 90 ಮೈಕ್ರಾನ್. ಕಲ್ಲು ತಡೆಯಬೇಕಾದರೆ 150ರಿಂದ 200 ಮೈಕ್ರಾನಿನ ಪಾರದರ್ಶಕ ಪಿಪಿಎಫ್ (ಬಣ್ಣ ಕಾಯುವ ದಪ್ಪ ಫಿಲ್ಮ್) ಬೇಕು, ಅದೂ ಮುಂದಿನ ಟೈರಿನ ಹಿಂದಿನ ಒಂದೂವರೆ ಅಡಿಗೆ ಹಾಕಿದರೆ ಸಾಕು.

ತಿರುಗಿ ಕೂರಿಸುವುದು

ಮುರಿದ ಕ್ಲಿಪ್‌ನ ಅರ್ಧ ತಗಡಿನ ತೂತಿನಲ್ಲೇ ಉಳಿದಿರುತ್ತದೆ. ಅದನ್ನು ತೆಗೆಯದೆ ಹೊಸದು ಕೂರುವುದಿಲ್ಲ. ಮೇಲಂಚಿನ ಕ್ಲಿಪ್‌ಗಳನ್ನೆಲ್ಲ ತೂತಿಗೆ ಎದುರಾಗಿಸಿ, ಅಂಗೈಯಿಂದ ಗುದ್ದಿ ಕೂರಿಸಿ, ಬಾಗಿಲು ಹಾಕಿ ಸಂದು ಸಮವಾಗಿದೆಯೇ ನೋಡಿ. ಆಮೇಲೆ ತಳದ ಸ್ಕ್ರೂಗಳು, ನಡುವಿನಿಂದ ತುದಿಗಳ ಕಡೆಗೆ.

ಸ್ಕ್ರೂ ತೂತುಗಳಲ್ಲಿ ಹೆಚ್ಚಿನವು ದುಂಡಗಿಲ್ಲದೆ ಉದ್ದುದ್ದ ಇರುವುದನ್ನು ಗಮನಿಸಿ. 20 ಡಿಗ್ರಿಯ ಬೆಳಗಿನಿಂದ ಬಿಸಿಲಲ್ಲಿ 60 ಡಿಗ್ರಿಗೆ ಕಾದಾಗ 1.7 ಮೀಟರ್ ಉದ್ದದ ಪಾಲಿಪ್ರೊಪಿಲೀನ್ ಪಟ್ಟಿ ಐದು ಮಿಲಿಮೀಟರ್‌ನಷ್ಟು ಹಿಗ್ಗುತ್ತದೆ. ಹಿಂದಿನ ಉಕ್ಕು ಹಿಗ್ಗುವುದು ಒಂದು ಮಿಲಿಮೀಟರ್‌ಗೂ ಕಡಿಮೆ. ಮಿಕ್ಕ ನಾಲ್ಕು ಮಿಲಿಮೀಟರ್ ಜಾರಲೆಂದೇ ಆ ಉದ್ದ ತೂತು. ಪವರ್ ಡ್ರಿಲ್ ಹಾಕಿ ಎಲ್ಲವನ್ನೂ ಕಚ್ಚಿಸಿಬಿಟ್ಟರೆ ಜಾರಲು ದಾರಿಯಿಲ್ಲದೆ ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಅಲೆಯಲೆಯಾಗಿ ಹೊರಕ್ಕುಬ್ಬುತ್ತದೆ. ಕೈಯಲ್ಲಿ ತಿರುಗಿಸಿ, ವಾಷರ್ ಕೂತು ನಿಂತಿತು ಎನಿಸಿದಾಗ ಬಿಡಿ.

ಸ್ಕರ್ಟ್‌ಗಷ್ಟೇ ಬೇರೆ ಬಣ್ಣವಾದರೆ ಕಾರಿನ ಮೂಲ ಬಣ್ಣ ಬದಲಾದಂತಲ್ಲ. ಇಡೀ ಮೈಗೆ ಬೇರೆ ಬಣ್ಣ ಸುತ್ತಿಸಿದರೆ ಆರ್‌ಸಿಯಲ್ಲಿ ಬರೆದ ಬಣ್ಣಕ್ಕೂ ರಸ್ತೆಯ ಮೇಲಿನ ಕಾರಿಗೂ ತಾಳೆಯಾಗುವುದಿಲ್ಲ. ಮೊದಲು ಆರ್‌ಟಿಒಗೆ ಹೋಗಬೇಕು.

ಎರಡು ದಿನ ನೀರು ಸೋಕಿಸಬೇಡಿ, ಒಂದು ವಾರ ಪ್ರೆಶರ್ ವಾಷರ್ ಬೇಡ. ಆಮೇಲೂ ನಳಿಕೆ ಒಂದಡಿ ದೂರ, ಅಂಚಿಗೆ ಎದುರಾಗಿ ಹೊಡೆಯದಂತೆ. ವಾರ ಕಳೆದ ಮೇಲೆ ಮುಂದಿನ ಚಕ್ರದ ಹಿಂದಿನ ಕೆಳಮೂಲೆಗೆ ಉಗುರು ತಾಗಿಸಿ ನೋಡಿ, ಏಳುವುದಿದ್ದರೆ ಮೊದಲು ಏಳುವುದು ಅಲ್ಲಿ. ಒಳಗೆ ಸ್ವಚ್ಛವಾಗಿದ್ದರೆ ಬಿಸಿ ಮಾಡಿ ಒತ್ತಿದರೆ ಕೂರುತ್ತದೆ. ಅಂಟು ಬೂದು ಬಣ್ಣಕ್ಕೆ ತಿರುಗಿದ್ದರೆ ದೂಳು ಸೇರಿದೆ ಎಂದರ್ಥ. ಅಷ್ಟು ಭಾಗ ಕತ್ತರಿಸಿ, ಉಳಿದ ಮೂರನೇ ತುಂಡಿನಿಂದ ಒಂದು ತೇಪೆ ಹಾಕಿ, ಮೇಲ್ಹಾಸಿನ ಅಂಚು ಹಿಂದಿನ ಚಕ್ರದ ಕಡೆಗೆ ಬರುವಂತೆ.